ನಮ್ಮ ಸೀಮೆಯ ಇತಿಹಾಸ, ಭಾಗ 7: ‘ಹೊರಗಿನವರು’ ಅಂದ್ರ ಯಾರು?

ಜರ್ಮನ್‌ದಿಂದ ಇಂಗ್ಲಿಷ್‌ಗೆ ಹೋದ ಒಂದು ಪದ ಐತಿ: ಔಸ್‌ಲೆಂಡರ್. ‘ಔಸ್’ ಅಂದ್ರ ಹೊರಗ, ‘ಲಾಂಡ್’ ಅಂದ್ರ ನಾಡು. ಹೊರನಾಡಿನವ ಅಂತ ಅರ್ಥ. ಇಂಥದ್ದೇ ಒಂದು ಪದ ನಮ್ಮ ಕಡೆನೂ ಇತ್ತು: ಗೈರ್‌ಮುಲ್ಕಿ. ಅಟೆಂಡೆನ್ಸ್ ಶಾರ್ಟೇಜ್ ಇದ್ದವರಿಗೆ ‘ಗೈರುಹಾಜರಿ’ ಚೆನ್ನಾಗಿ ಗೊತ್ತು 😄 ಅದೇ ‘ಗೈರ್’. ‘ಮುಲ್ಕ್’ ಅಂದ್ರ ನಾಡು.

1948ರ ತನಕ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ನಿಜಾಮರ ಹೈದರಾಬಾದ್ ರಾಜ್ಯದಾಗ ಇದ್ದವು. ಅಲ್ಲಿನ ದೊಡ್ಡ ನೌಕರಿಗಳಿಗೆ ಉತ್ತರ ಭಾರತದಿಂದ ಜನ ಬರತಿದ್ರು. ‘ನಮ್ಮ ನೌಕರಿ ನಮಗ ಬೇಕು’ ಅನ್ನೋ ಕೂಗು ಎದ್ದಿತು. 1919ರಲ್ಲಿ ಮುಲ್ಕಿ ನಿಯಮ ಬಂತು. ಹುಟ್ಟಿನಿಂದ ರಾಜ್ಯದ ಪ್ರಜೆಯಾದವರು ಮುಲ್ಕಿ. ಹೊರಗಿನಿಂದ ಬಂದವರೂ 15 ವರ್ಷ ಇಲ್ಲೇ ಕಾಯಂ ಇದ್ದು, ವಾಪಸ್ ಹೋಗೋದಿಲ್ಲ ಅಂತ ಬರೆದುಕೊಟ್ರ ಮುಲ್ಕಿ ಆಗಬಹುದಿತ್ತು.

ಆದ್ರ ಒಂದು ಮಾತು ನೋಡ್ರಿ. ಕಾಗದದ ಮ್ಯಾಲೆ ನಮ್ಮ ಮುತ್ತಜ್ಜಂದಿರು ಮುಲ್ಕಿಗಳೇ. ಕಚೇರಿ ಭಾಷೆ ಮಾತ್ರ ಉರ್ದು. ಕನ್ನಡ ಒಂದೇ ಬಲ್ಲ ರೈತ ತನ್ನ ನಾಡಿನ ಕಚೇರಿಯಾಗೇ ಹೊರಗಿನವನಾಗಿ ನಿಲ್ಲಬೇಕಿತ್ತು.

ಮುಂದ 1953ರಲ್ಲಿ ತುಂಗಭದ್ರಾ ಡ್ಯಾಂ ನೀರು ಕಾಲುವೆಗೆ ಬಂತು. ಕರಾವಳಿ ಆಂಧ್ರದ ರೈತರು ಗಂಗಾವತಿ ಕಡೆ ಬಂದು ಹೊಲ ಹಿಡಿದು ಭತ್ತ ಬೆಳೆದ್ರು. ಅವರ ಊರುಗಳಿಗೆ ‘ಕ್ಯಾಂಪ್’ ಅಂತ ಹೆಸರು ಬಿತ್ತು. ಕ್ಯಾಂಪ್ ಅಂದ್ರ ಕಿತ್ತು ಹೋಗೋ ಬಿಡಾರ. ಅವರು ಹೋಗಲಿಲ್ಲ. ಮೂರನೇ ತಲೆಮಾರು ಈಗ ನಮ್ಮ ಬೆಂಚಿನಾಗೇ ಕೂತಿರತೈತಿ. ಆದರೂ ನಾವು ಇನ್ನೂ ‘ಕ್ಯಾಂಪಿನವ್ರು’ ಅಂತೀವಿ.

1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದ್ವಿ. ಸೇರಿದ ಮ್ಯಾಲೂ ಓದು, ನೌಕರಿ ಎರಡರಾಗೂ ಹಿಂದೇ ಉಳಿದ್ವಿ. ಬಹಳ ವರ್ಷ ಹೋರಾಟ ಆದ ಮ್ಯಾಲೆ ಸಂವಿಧಾನಕ್ಕೆ 98ನೇ ತಿದ್ದುಪಡಿ ಆಗಿ 371(ಜೆ) ಬಂತು. ಅಡ್ಮಿಷನ್‌ಗೆ, ನೌಕರಿಗೆ ನಾವೆಲ್ಲ ತಗೊಳ್ಳೋ ಸರ್ಟಿಫಿಕೇಟ್ ಇದರದ್ದೇ. ಈ ಮೀಸಲಾತಿ ನಮಗ ಬೇಕೇ ಬೇಕು, ಅದರಾಗ ಎರಡು ಮಾತಿಲ್ಲ. ಆದ್ರ ಅದರಾಗ ಏನೈತಿ ಓದ್ರಿ: ಹುಟ್ಟಿನಿಂದ ಅಥವಾ ವಾಸದಿಂದ ಈ ಭಾಗಕ್ಕೆ ಸೇರಿದವರು. ಮನೆಮಾತು ಯಾವುದು ಅಂತ ಎಲ್ಲೂ ಕೇಳಿಲ್ಲ. 1919ರ ನಿಯಮಾನೂ ಕೇಳಿರಲಿಲ್ಲ.

ಕಾನೂನು ಕೇಳದ ಪ್ರಶ್ನೆ ನಾವ್ಯಾಕ ಗೆಳೆಯರಿಗೆ ಕೇಳಬೇಕು?

ನಿಮ್ಮೂರ ಹತ್ರ ಯಾವ ಕ್ಯಾಂಪ್ ಐತಿ? ಅದಕ್ಕ ಆ ಹೆಸರು ಹೆಂಗ ಬಂತು? ಮನ್ಯಾಗ ಹಿರೇರನ್ನ ಕೇಳಿ ಕಾಮೆಂಟ್ ಹಾಕ್ರಿ 👇

#ನಮ್ಮಕೊಪ್ಪಳ #ಗಂಗಾವತಿ #ಕಲ್ಯಾಣಕರ್ನಾಟಕ