ಗಡಿಯಾಚೆಯ ಹುಲ್ಲುಗಾವಲು: ಮೈದನಹಳ್ಳಿಗೆ ಹೋಗುವವರಿಗೆ ಮಾಹಿತಿ

ಟಿವಿಯಲ್ಲಿ ಆಫ್ರಿಕಾದ ಸೆರೆಂಗೆಟಿ ಕಂಡಾಗಲೆಲ್ಲ ಒಮ್ಮೆ ಅಲ್ಲಿಗೆ ಹೋಗಬೇಕು ಅನ್ನಿಸುತ್ತದೆ. ಅಷ್ಟು ದೂರ ಹೋಗುವ ಯೋಗ ಎಲ್ಲರಿಗೂ ಎಲ್ಲಿ ಬರಬೇಕು? ಅಂಥದೇ ಬಯಲು, ಹಿಂಡು ಹಿಂಡಾಗಿ ಓಡುವ ಜಿಂಕೆಗಳನ್ನು ನೋಡಲು ಮಡಕಶಿರಾ ಭಾಗದವರಿಗೆ ಹಿಂದೂಪುರ ದಾಟಿದರೆ ಸಾಕು. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಿದೆ. ತೆಲುಗಿನಲ್ಲಿ ಕೃಷ್ಣ ಜಿಂಕ ಎನ್ನುವುದು ಇದನ್ನೇ. ಇದು ಆಂಧ್ರಪ್ರದೇಶದ ರಾಜ್ಯಪ್ರಾಣಿ. ನಮ್ಮ ರಾಜ್ಯದ ಪ್ರಾಣಿಯನ್ನು ನೋಡಲು ಪಕ್ಕದ ರಾಜ್ಯಕ್ಕೆ ಹೋಗಬೇಕಾಗಿರುವುದು ತಮಾಷೆಯೇ ಸರಿ.

2007ರಲ್ಲಿ ಘೋಷಣೆಯಾದ ಈ ಪ್ರದೇಶದ ವಿಸ್ತೀರ್ಣ 798 ಎಕರೆ, ಅಂದರೆ ಸುಮಾರು 3.23 ಚದರ ಕಿ.ಮೀ. ಸೆರೆಂಗೆಟಿ 14,763 ಚದರ ಕಿ.ಮೀ. ಅದರ ಮುಂದೆ ಇದು ಒಂದು ರಾಗಿ ಕಣದಷ್ಟು. ಸುತ್ತಲೂ ಹೊಲಗಳು, ಬೇಲಿಯೆಂಬುದು ಜಿಂಕೆಗೆ ಲೆಕ್ಕಕ್ಕಿಲ್ಲ. ಹುಲ್ಲು ಒಣಗಿದರೆ ಹಿಂಡು ಪಕ್ಕದ ಹೊಲಕ್ಕೆ ಇಳಿಯುತ್ತದೆ. ನೋಡಲು ಬಂದವರಿಗೆ ಅದು ಚೆಂದ, ಕಡಲೆಕಾಯಿ ಹಾಕಿದವನಿಗೆ ಸಂಕಟ. ಅಲ್ಲಿನ ರೈತರು ಇದನ್ನು ಸಹಿಸಿಕೊಂಡು ಬಂದಿರುವುದರಿಂದಲೇ ಈ ಪ್ರಾಣಿ ಉಳಿದಿದೆ ಎಂಬುದನ್ನು ಮರೆಯಬಾರದು.

ಇನ್ನೊಂದು ಮಾತು. ಹುಲ್ಲುಗಾವಲನ್ನು ನಾವು ಬೀಳು ಭೂಮಿ ಅಂದುಕೊಳ್ಳುತ್ತೇವೆ, ಗಿಡ ನೆಟ್ಟರೆ ಪುಣ್ಯ ಎನ್ನುತ್ತೇವೆ. ಇಲ್ಲಿ ಒಳಗಡೆಯೇ ನೀಲಗಿರಿ, ಅಕೇಶಿಯಾ ತೋಪುಗಳಿವೆ. ಆದರೆ ಕೃಷ್ಣಮೃಗ ಬದುಕುವುದು ಕಣ್ಣು ಮತ್ತು ಕಾಲಿನ ಬಲದಿಂದ. ತೋಳ ಬರುವುದು ದೂರದಿಂದಲೇ ಕಾಣಬೇಕು, ಓಡಲು ಬಯಲು ಇರಬೇಕು. ಮರ ಹೆಚ್ಚಿದಷ್ಟೂ ಅದಕ್ಕೆ ಜಾಗ ಕಡಿಮೆ.

ಹೋಗುವ ದಾರಿ ಹಿಂದೂಪುರದಿಂದ ಕೊಡಿಗೇನಹಳ್ಳಿ ಕಡೆಗೆ. ಸ್ವಂತ ಬೈಕು ಅಥವಾ ಕಾರಿದ್ದರೆ ಅನುಕೂಲ. ಆಫ್ರಿಕಾದಂತೆ ಜೀಪು, ಗೈಡು ಕಾದು ನಿಂತಿರುತ್ತಾರೆ ಅಂದುಕೊಳ್ಳಬೇಡಿ. ಪ್ರವೇಶದ ಬಗ್ಗೆ ಮಧುಗಿರಿಯ ಅರಣ್ಯ ಇಲಾಖೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಬುತ್ತಿ, ನೀರು ಮನೆಯಿಂದಲೇ ಕಟ್ಟಿಕೊಳ್ಳಿ. ಬೆಳಿಗ್ಗೆ ಬಿಸಿಲೇರುವ ಮೊದಲು ಅಥವಾ ಸಂಜೆ ನಾಲ್ಕರ ನಂತರ ಒಳ್ಳೆಯ ಹೊತ್ತು. ಕಪ್ಪು ಬೆನ್ನು, ತಿರುಚಿದ ಕೊಂಬು ಇರುವುದು ಬಲಿತ ಗಂಡು. ಹೆಣ್ಣು ಮತ್ತು ಎಳೆಯವು ಕಂದು ಬಣ್ಣದವು, ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಚಳಿಗಾಲದಲ್ಲಿ ಹೋದರೆ ದೂರದೇಶದಿಂದ ವಲಸೆ ಬರುವ ಹ್ಯಾರಿಯರ್ ಗಿಡುಗಗಳು ಹುಲ್ಲಿನ ಮೇಲೆ ತಗ್ಗಿನಲ್ಲಿ ಹಾರುವುದನ್ನೂ ಕಾಣಬಹುದು.

ರಾಯದುರ್ಗದವರಿಗೆ ಮೈದನಹಳ್ಳಿ ದೂರವಾಗುತ್ತದೆ. ಅವರು ಬಳ್ಳಾರಿ ಮೇಲೆ ದರೋಜಿ ಕರಡಿಧಾಮಕ್ಕೆ ಹೋಗುವುದೇ ಸುಲಭ. 1994ರಲ್ಲಿ ಆದ ಧಾಮವಿದು. ಮಧ್ಯಾಹ್ನ ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಸವರುತ್ತಾರೆ, ಕರಡಿಗಳು ಅದನ್ನು ನೆಕ್ಕಲು ಇಳಿದು ಬರುತ್ತವೆ. ಜನ ವೀಕ್ಷಣಾ ಗೋಪುರದಿಂದ ನೋಡುತ್ತಾರೆ. ದುರ್ಬೀನು ಇದ್ದರೆ ತಪ್ಪದೆ ಒಯ್ಯಿರಿ.

ಮೈದನಹಳ್ಳಿಗೆ ಹೋಗುವವರು ನಾಯಿಯನ್ನು ಮಾತ್ರ ಕರೆದೊಯ್ಯಬೇಡಿ. ಹಿಂಡಿನ ಹಿಂದೆ ಗಾಡಿ ಓಡಿಸಬೇಡಿ. ಹುಲ್ಲಿನಲ್ಲಿ ಮರಿಯೊಂದು ಒಂಟಿಯಾಗಿ ಮಲಗಿದ್ದರೆ ಅನಾಥವೆಂದು ಎತ್ತಿಕೊಳ್ಳಬೇಡಿ. ತಾಯಿ ಅದನ್ನು ಅಲ್ಲಿ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ, ಹಾಲೂಡಿಸಲು ಮರಳಿ ಬರುತ್ತದೆ.