ಬ್ಲೇಡು ಕೇರಿ ಹತ್ರ ಬಂದಾಗ ಯಾಕೆ ಮೇಲೇಳುತ್ತೆ?



ಗರಸು ರಸ್ತೆ ಮಟ್ಟ ಮಾಡೋಕೆ ಟ್ರ್ಯಾಕ್ಟರ್ ಹಿಂದೆ ಕಟ್ಟೋ ಬ್ಲೇಡಿನ ಚರಿತ್ರೆ ಇವತ್ತು ಬರೀತಿದ್ದೀನಿ. ಇದರಲ್ಲಿ ಚಳವಳಿ ಎಲ್ಲಿ ಬಂತು ಅನ್ಬೇಡಿ. 1924ರಲ್ಲಿ ವೈಕಂ ಸತ್ಯಾಗ್ರಹ ಶುರುವಾಗಿದ್ದು ಗುಡಿಯೊಳಗೆ ಹೋಗೋಕಲ್ಲ, ಗುಡಿ ಸುತ್ತಲಿನ ರಸ್ತೆಯಲ್ಲಿ ನಡೆಯೋಕೆ. ಬಾಬಾಸಾಹೇಬರ ಸಂವಿಧಾನದ 15(2)ನೇ ವಿಧಿಯಲ್ಲಿ ಬಾವಿ, ಕೆರೆ ಜೊತೆಗೆ ರಸ್ತೆ ಅನ್ನೋ ಪದವೂ ಇದೆ.

ಹೊಲ ಸಮ ಮಾಡೋಕೆ ಎತ್ತಿನ ಹಿಂದೆ ಕೊರಡು ಕಟ್ಟಿ ಎಳೆಯೋದು ನಮ್ಮವರಿಗೆ ಹಳೇ ಕೆಲಸ. ಕೊರಡಿನ ಮೇಲೆ ನಿಂತು ಭಾರ ಕೊಟ್ಟೋರು ಜೀತದಾಳುಗಳು, ಹೊಲ ಮಾತ್ರ ಗೌಡರದು. 1896ರಲ್ಲಿ ಅಮೆರಿಕದ ಮಿಸೌರಿಯಲ್ಲಿ ವಾರ್ಡ್ ಕಿಂಗ್ ಅನ್ನೋ ರೈತ ಹೆಚ್ಚೂಕಮ್ಮಿ ಇದನ್ನೇ ರಸ್ತೆಗೆ ತಂದ. ಒಂದು ದಿಮ್ಮಿ ಸೀಳಿ, ಎರಡು ಹೋಳನ್ನೂ ಹಿಂದೆ ಮುಂದೆ ಜೋಡಿಸಿ, ಸರಪಳಿ ಹಾಕಿ, ಮಳೆ ನಿಂತ ಮೇಲೆ ತನ್ನ ಮನೆ ಮುಂದಿನ ಮಣ್ಣು ರಸ್ತೇಲಿ ಕುದುರೆ ಕೈಲಿ ಎಳೆಸಿದ. ಆ ಸಾಧನಕ್ಕೆ ಅವನ ಹೆಸರೇ ನಿಂತಿದೆ. ನಮ್ಮ ಕೊರಡು ಮಾಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಬಿಡಿ.

ಮುಂದೆ ಹ್ಯಾರಿ ಫರ್ಗ್ಯೂಸನ್ ಟ್ರ್ಯಾಕ್ಟರಿಗೆ ಮೂರು ಕಡೆ ಹಿಡಿಯೋ ಹೈಡ್ರಾಲಿಕ್ ಜೋಡಣೆ ತಂದ. ಕೆಳಗೆ ಎರಡು ಕೈ, ಮೇಲೊಂದು ಕೊಂಡಿ. ಆಮೇಲೆ ವೆಲ್ಡಿಂಗ್ ಗೊತ್ತಿದ್ದ ಯಾರಾದರೂ ಸಲಕರಣೆ ಮಾಡ್ಕೊಬಹುದು ಅಂತಾಯ್ತು. ನಮ್ಮ ಹರಿಹರದಲ್ಲಿ 1941ರಲ್ಲೇ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಮಷೀನು ತಯಾರಿಸ್ತಿತ್ತು. ಕಬ್ಬಿಣದ ಕೆಲಸ ಈ ಸೀಮೆಗೆ ಹೊಸದಲ್ಲ.

ಒಂದೇ ಬ್ಲೇಡನ್ನ ಟ್ರ್ಯಾಕ್ಟರ್ ಹಿಂದೆ ತೂಗುಹಾಕಿದ್ರೆ ಒಂದು ತೊಂದ್ರೆ ಇದೆ. ಮುಂದಿನ ಗಾಲಿ ದಿಬ್ಬ ಹತ್ತಿದಾಗ ಹಿಂದಿನ ಬ್ಲೇಡು ನೆಲಕ್ಕೆ ಇಳಿದು ಅಗೆಯುತ್ತೆ, ಗಾಲಿ ಗುಂಡಿಗೆ ಇಳಿದಾಗ ಮೇಲೇಳುತ್ತೆ. ರಸ್ತೆ ಇನ್ನಷ್ಟು ಅಲೆಅಲೆ ಆಗುತ್ತೆ. ಅದಕ್ಕೇ ಉದ್ದನೆ ಚೌಕಟ್ಟು ಮಾಡಿ, ಎರಡು ಬ್ಲೇಡು ದೂರದೂರ ಹಾಕಿ, ನೆಲದ ಮೇಲೆ ಎಳೆಯೋದು ವಾಸಿ. ಗುಜರಿ ಲಾರಿ ಚಾಸಿ ಸಿಕ್ಕರೆ ಸಾಕು. ಬ್ಲೇಡನ್ನ ಓರೆ ಇಟ್ಟು ಗರಸನ್ನ ಅಂಚಿನಿಂದ ನಡುವಿಗೆ ತರಬೇಕು. ಹನ್ನೆರಡು ಅಡಿ ರಸ್ತೆ ಆದ್ರೆ ನಡುವೆ ಸುಮಾರು ಮೂರು ಇಂಚು ಎತ್ತರ ಇರಬೇಕು, ಇಲ್ಲಾಂದ್ರೆ ನೀರು ನಿಂತು ಎರೆ ಮಣ್ಣು ಬಾಯಿ ಬಿಡುತ್ತೆ. ತೇವ ಇದ್ದಾಗಲೇ ಮಾಡಬೇಕು.

ಇಷ್ಟು ಗೊತ್ತಿದ್ದೂ ಎಷ್ಟೋ ಹಳ್ಳೀಲಿ ಬ್ಲೇಡು ಸಾಹುಕಾರರ ಹೊಲದ ದಾರಿ ಪೂರ್ತಿ ನೆಲಕ್ಕಿರುತ್ತೆ, ಕೇರಿ ತಿರುವಿಗೆ ಬಂದಾಗ ಮೇಲೇಳುತ್ತೆ. ಟ್ರ್ಯಾಕ್ಟರ್ ಅವರದು, ಡೀಸೆಲ್ ಮಾತ್ರ ಪಂಚಾಯ್ತಿದು. ನಾನು ಇದನ್ನ ಬರೀತಿರೋ ದಾವಣಗೆರೆಯ ವಿನೋಬನಗರಕ್ಕೆ ಭೂದಾನದ ವಿನೋಬಾ ಅವರ ಹೆಸರಿದೆ. ದಾನ ಕೇಳ್ಕೊಂಡು ಅವರು 1951ರಿಂದ ನಡೆದ್ರು. ಭೂಮಿಯೇ ಬಾರದವನಿಗೆ ಟ್ರ್ಯಾಕ್ಟರ್ ಎಲ್ಲಿಂದ ಬರುತ್ತೆ?

ಇನ್ನೊಂದು ಮುಖಾನೂ ಇದೆ. 2006ರಲ್ಲಿ ಉದ್ಯೋಗ ಖಾತ್ರಿ ಮೊದಲ ಹಂತದಲ್ಲೇ ದಾವಣಗೆರೆ ಜಿಲ್ಲೆಗೆ ಬಂತು. ಗುತ್ತಿಗೆದಾರ ಬೇಡ, ಕೂಲಿ ಕಸಿಯೋ ಯಂತ್ರ ಆದಷ್ಟೂ ಬೇಡ ಅಂತ ಆ ಕಾಯ್ದೇಲೇ ಬರೆದಿತ್ತು. ರಾತ್ರೋರಾತ್ರಿ ಬ್ಲೇಡು ಎಳೆದು, ಬೆಳಗ್ಗೆ ನಮ್ಮಕ್ಕ-ತಂಗಿಯರ ಹೆಸರು ಹಾಜರಿ ಪಟ್ಟೀಲಿ ಬರೆದು ಬಿಲ್ ಎತ್ತೋ ಆಟ ಎಲ್ಲರಿಗೂ ಗೊತ್ತು.

ಹಾಗಂತ ಯಂತ್ರ ವಿರೋಧಿಸಿ ಅಂತಿಲ್ಲ. ಯಂತ್ರ ಬೇಡ ಅಂದ ಗಾಂಧಿಗೆ ಬಾಬಾಸಾಹೇಬರು 1945ರಲ್ಲೇ ಉತ್ತರ ಕೊಟ್ಟಿದಾರೆ: ದುಡಿಯೋ ಮನುಷ್ಯನಿಗೆ ಬಿಡುವು ಕೊಡೋದು ಯಂತ್ರವೇ ಅನ್ನೋದು ಅವರ ವಾದ. ತಲೆತಲಾಂತರ ಕಲ್ಲು ಒಡೆದ, ಮಣ್ಣು ಹೊತ್ತ ನಮ್ಮ ಭೋವಿ ಬಂಧುಗಳ ಬೆನ್ನು ನೋಡಿದೋರಿಗೆ ಈ ಮಾತು ಬಿಡಿಸಿ ಹೇಳ್ಬೇಕಿಲ್ಲ. ಕೇರಿ ಹುಡುಗರ ಸಂಘವೇ ಒಂದು ಬ್ಲೇಡು ಮಾಡಿಸಿ, ಬಾಡಿಗೆ ಟ್ರ್ಯಾಕ್ಟರಿಗೆ ಕಟ್ಟಿ, ಕೆಲಸವನ್ನ ಪಂಚಾಯ್ತಿಯಿಂದ ತಮ್ಮ ಹೆಸರಲ್ಲೇ ಕೇಳಿ ತಗೊಳ್ಳಲಿ.

ಸಾಮಾಜಿಕ ಪರಿಶೋಧನೆಗೆ ಹೋಗೋ ಗೆಳೆಯರು ಒಂದು ಗುರುತು ಇಟ್ಕೊಳ್ಳಿ: ಬ್ಲೇಡು ಎಳೆದ ಹೊಸ ರಸ್ತೇಲಿ ಉದ್ದುದ್ದ ಗೆರೆ, ಅಂಚಲ್ಲಿ ಸಣ್ಣ ಬದು ಕಾಣುತ್ತೆ. ಗುದ್ದಲಿ ಕೆಲಸಕ್ಕೆ ಹಾಗೆ ಬೀಳಲ್ಲ. ಮಳೆಗೆ ಮುಂಚೆ ಹೋಗಿ ಫೋಟೊ ತೆಗೀರಿ.