ಕ್ರೋ, ರೇ

ಕ್ರೋ, ರೇ: 1915–2003. ಅಮೆರಿಕದ ಇಂಡಿಯಾನಾ ರಾಜ್ಯದ ಶಿಕ್ಷಕ, ಪ್ರೌಢಶಾಲಾ ಬ್ಯಾಸ್ಕೆಟ್‌ಬಾಲ್ ತರಬೇತುದಾರ, ಮುಂದೆ ಶಾಸಕ. ಇಂಡಿಯಾನಾ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಬ್ಯಾಸ್ಕೆಟ್‌ಬಾಲ್ ಒಂದಕ್ಕೇ ನಿಲ್ಲದೆ ಬೇರೆ ಆಟಗಳಲ್ಲೂ ಕಣಕ್ಕಿಳಿದವ. 1950ರಿಂದ 1957ರವರೆಗೆ ಇಂಡಿಯಾನಾಪೊಲಿಸ್‌ನ ಕ್ರಿಸ್ಪಸ್ ಅಟಕ್ಸ್ ಪ್ರೌಢಶಾಲೆಯ ತಂಡವನ್ನು ಪಳಗಿಸಿದ. ಆ ಏಳು ವರ್ಷಗಳಲ್ಲಿ ತಂಡ 179 ಪಂದ್ಯ ಗೆದ್ದು 20ರಲ್ಲಿ ಸೋತಿತು. 1955ರಲ್ಲಿ ಅದು ರಾಜ್ಯ ಪ್ರಶಸ್ತಿ ಗಳಿಸಿತು. ಎಲ್ಲ ಶಾಲೆಗಳಿಗೂ ಮುಕ್ತವಾದ ರಾಜ್ಯ ಪಂದ್ಯಾವಳಿಯೊಂದನ್ನು ಕೇವಲ ಕಪ್ಪು ವಿದ್ಯಾರ್ಥಿಗಳ ಶಾಲೆ ಗೆದ್ದದ್ದು ಇಡೀ ದೇಶದಲ್ಲೇ ಅದು ಮೊದಲು. ಮರುವರ್ಷ 31 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಪ್ರಶಸ್ತಿ ಉಳಿಸಿಕೊಂಡಿತು.

ಈ ಯಶಸ್ಸನ್ನು ಆಸ್ಕರ್ ರಾಬರ್ಟ್‌ಸನ್ ಎಂಬ ಒಬ್ಬ ಆಟಗಾರನ ಲೆಕ್ಕಕ್ಕೆ ಬರೆಯುವವರು ಬಹಳ. ಆತ ಅಸಾಧಾರಣ ಪ್ರತಿಭೆ, ನಿಜ. ಆದರೆ ಆಸ್ಕರ್ ಇನ್ನೂ ತಂಡಕ್ಕೆ ಬಾರದ 1951ರಲ್ಲೇ, ಕ್ರೋನ ಮೊದಲ ಋತುವಿನಲ್ಲೇ, ಅಟಕ್ಸ್ ರಾಜ್ಯದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿತ್ತು. ಆ ಹಾದಿಯಲ್ಲಿ ಆಂಡರ್ಸನ್ ತಂಡವನ್ನು ಒಂದೇ ಅಂಕದಿಂದ ಮಣಿಸಿದ ಎಸೆತ ಆಸ್ಕರ್‌ನ ಅಣ್ಣ ಬೇಲಿಯದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ವರ್ಣಭೇದದ ನೀತಿಯೇ ನಗರದ ಕಪ್ಪು ಹುಡುಗರನ್ನೆಲ್ಲ ಒಂದು ಶಾಲೆಗೆ ದೂಡಿದ್ದರಿಂದ ಪ್ರತಿಭೆ ತಾನಾಗಿ ಅಲ್ಲಿ ರಾಶಿಬಿತ್ತು ಎಂಬುದು. ಹಾಗಿದ್ದರೆ ಫಲ ಮೊದಲೇ ಸಿಗಬೇಕಿತ್ತು. ಶಾಲೆ ತೆರೆದದ್ದು 1927ರಲ್ಲಿ. ರಾಜ್ಯ ಕ್ರೀಡಾಸಂಘ ಕಪ್ಪು ಶಾಲೆಗಳಿಗೆ ಬಾಗಿಲು ತೆರೆದದ್ದು 1942ರಲ್ಲಿ. ಅಲ್ಲಿಂದ ಕ್ರೋ ಬರುವವರೆಗಿನ ಎಂಟು ವರ್ಷ ಅದೇ ಹುಡುಗರು, ಅದೇ ಬೀದಿಗಳು. ಬದಲಾದದ್ದು ಕಲಿಸುವವನು. ಬಿಳಿಯರ ಮನ ನೋಯದಂತೆ ತಗ್ಗಿಬಗ್ಗಿ ಆಡಬೇಕೆಂಬ ಹಳೆಯ ಎಚ್ಚರಿಕೆಯನ್ನು ಕ್ರೋ ಬದಿಗಿಟ್ಟು ವೇಗಕ್ಕೆ, ಮುನ್ನುಗ್ಗುವಿಕೆಗೆ ಅವಕಾಶ ಕೊಟ್ಟ. ನಡತೆಯ ಶಿಸ್ತನ್ನು ಮಾತ್ರ ಸಡಿಲಿಸಲಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದದ್ದೇ ಆತನ ನಿಜವಾದ ಸಾಧನೆ. ಕ್ರೋ ಬಿಟ್ಟ ಮೇಲೆ 1959ರಲ್ಲಿ ಬಿಲ್ ಗ್ಯಾರೆಟ್‌ನ ಕೈಕೆಳಗೆ ಶಾಲೆ ಮತ್ತೆ ಗೆದ್ದದ್ದು ಈ ವಾದವನ್ನು ಕೆಡಿಸುವುದಿಲ್ಲ. ಕ್ರೋ ಹಾಕಿದ ಅಡಿಪಾಯದ ಮೇಲೇ ಆ ಗೆಲುವು ನಿಂತಿತ್ತು.

ಆದರೂ ಗೆಲುವಿಗೆ ತಕ್ಕ ಗೌರವ ಸಿಗಲಿಲ್ಲ. 1955ರ ವಿಜಯದ ಮೆರವಣಿಗೆಯನ್ನು ನಗರದ ನಟ್ಟನಡುವಿನ ಸ್ಮಾರಕ ವೃತ್ತದಲ್ಲಿ ನಿಲ್ಲಿಸದೆ ಕಪ್ಪುಜನರ ಬಡಾವಣೆಯ ಉದ್ಯಾನಕ್ಕೆ ಸಾಗಿಸಲಾಯಿತು. ತೆರೆಯ ಮೇಲೂ ಹಾಗೆಯೇ: 1954ರಲ್ಲಿ ಅಟಕ್ಸನ್ನು ಸೋಲಿಸಿ ಮುಂದೆ ಪ್ರಶಸ್ತಿಯನ್ನೂ ಗೆದ್ದ ಮಿಲನ್ ಎಂಬ ಪುಟ್ಟ ಊರಿನ ಕಥೆಯಿಂದ ಪ್ರೇರಿತವಾಗಿ 1986ರಲ್ಲಿ 'ಹೂಸಿಯರ್ಸ್' ಚಲನಚಿತ್ರ ಬಂತು. ಅದರ ಅಂತಿಮ ಪಂದ್ಯದಲ್ಲಿ ಸೋಲುವ ತಂಡದ ತರಬೇತುದಾರನಾಗಿ ಕಾಣಿಸಿಕೊಂಡವನು ಇದೇ ರೇ ಕ್ರೋ.